ನಾಳೆಯದನ್ನೂ ಇವತ್ತೇ ಎಣಿಸಿದ ಸಿಪ್ಪೋರಾ

ಒಂದಾನೊಂದು ಕಾಲ, ಯಾವ ಕಾಲ ಅಂತ ಕೇಳಬೇಡ, ಆ ಕಾಲದಲ್ಲಿ ಕಡಲ ದಂಡೆಯ ಒಂದೂರಿನಲ್ಲಿ ಸಿಪ್ಪೋರಾ ಅನ್ನೋ ಹುಡುಗಿ ತನ್ನ ನಿಶ್ಚಿತಾರ್ಥದ ದಿನ ಚಾಪೆ ಮೇಲಿಂದ ಮೂರು ಸಲ ಎದ್ದಳಂತೆ. ಒಂದು ಸಲ ಕಾಗೆ ಓಡಿಸೋದಕ್ಕೆ, ಒಂದು ಸಲ ಹಾಲು ಉಕ್ಕಿತೇನೋ ನೋಡೋದಕ್ಕೆ, ಮೂರನೇ ಸಲ ಸುಮ್ಮನೆ. ಕಾಗೆಗೂ ಹಾಲಿಗೂ ಕ್ಷಮೆ ಇತ್ತಂತೆ, ಸುಮ್ಮನೆ ಎದ್ದಿದ್ದಕ್ಕೆ ಇರಲಿಲ್ಲವಂತೆ. ಸುದ್ದಿ ಸಂಜೆಯೊಳಗೆ ಕೇರಿ ದಾಟಿ ಮೀನುಪೇಟೆ ಮುಟ್ಟಿತು. ಮರುದಿನ ಗಾಣಗಳು ಅರ್ಧ ದಿನ ನಿಂತವು. ಹಿರಿಯರು ಪ್ರಾರ್ಥನೆ ಮನೆಯ ಜಗಲಿ ಮೇಲೆ ಸೇರಿ, ಮದುಮಗಳಾಗೋಳು ಸುಮ್ಮನೆ ಏಳಬಹುದೇ ಅಂತ ಗಡ್ಡ ನೀವಿಕೊಂಡರಂತೆ. ನಗಬೇಡ ಮಗಾ, ಕಾಲು ಅಲ್ಲಾಡಿಸದೆ ಕೇಳು.

ಆ ಕೇರಿಯವರು ಯೆಹೂದಿ ಜನ. ಎಷ್ಟೋ ತಲೆಮಾರಿನ ಹಿಂದೆ ಹಡಗು ಒಡೆದು ದಡ ಸೇರಿದವರಂತೆ. ಎಣ್ಣೆ ಗಾಣ ಹಾಕಿಕೊಂಡು ಊರಿನವರ ಹಾಗೇ ಮಾತಾಡಿಕೊಂಡು ಇದ್ದರು, ಶನಿವಾರ ಮಾತ್ರ ಗಾಣಕ್ಕೆ ಎತ್ತು ಹೂಡುತ್ತಿರಲಿಲ್ಲ. ಎತ್ತುಗಳಿಗೂ ಅದು ರೂಢಿಯಾಗಿ, ಶುಕ್ರವಾರ ಸಂಜೆ ಆಯಿತು ಅಂದರೆ ಅವು ನೊಗದ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ.

ಸಿಪ್ಪೋರಾಗೆ ಗೊತ್ತು ಮಾಡಿದ್ದ ಹುಡುಗನ ಹೆಸರು ಹಸ್ಕೆಲ್. ಎತ್ತಿನ ಹಿಂದೆ ಸುತ್ತಿ ಸುತ್ತಿ ಅದರ ನಡಿಗೆಯೇ ಅವನಿಗೂ ಬಂದಿತ್ತು, ಮಾತಿಗೂ ಅದೇ ನಡಿಗೆ. ಏನಾದರೂ ಕೇಳಿದರೆ ಉತ್ತರ ಎರಡು ಸುತ್ತು ಆದ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಕೇಳಿದವರು ಮನೆ ಸೇರಿರುತ್ತಿದ್ದರು. ಸಿಪ್ಪೋರಾ ಮಾತ್ರ ನಿಂತಿರುತ್ತಿದ್ದಳಂತೆ. ಅನ್ನ ಬೇಯೋದಕ್ಕೂ ಕಾಯದ ಹುಡುಗಿ ಅವನ ಉತ್ತರಕ್ಕೆ ಕಾಯುತ್ತಿದ್ದಳು, ಬೆರಳು ಮುರಿಯುತ್ತಾ, ಸೆರಗು ತಿರುಚುತ್ತಾ. ಯಾಕೆ ಅಂತ ಅವಳಿಗೂ ತಿಳಿಯದು. ಇವನಿಲ್ಲದೆ ಆಗೋದಿಲ್ಲ ಅನ್ನೋದು ಮಾತ್ರ ತಿಳಿದಿತ್ತು.

ಆಮೇಲೆ ಹಸ್ಕೆಲ್‌ನ ಅಜ್ಜಿ, ಮಲ್ಕಾಬಾಯಿ ಅಂತ, ಕೇರಿಗೆಲ್ಲ ಹಿರಿಯಳು, ಅವಳು ಸಿಪ್ಪೋರಾನ ಕರೆಸಿ ಹೇಳಿದಳಂತೆ, ನೋಡು ಹುಡುಗಿ, ನನ್ನ ಮೊಮ್ಮಗನಿಗೆ ಇನ್ನೊಂದು ಹೆಣ್ಣೂ ಇದೆ, ಅವನ ಸೋದರಮಾವನ ಮಗಳು ಅಬಿಗಾಯಿಲ್. ರುಬ್ಬುಗುಂಡಿನ ಹಾಗೆ ಕೂರ್ತಾಳೆ. ಹೋದ ವರ್ಷ ಅವಳ ಮಡಿಲಲ್ಲಿ ಕೋಳಿ ಮೊಟ್ಟೆ ಇಟ್ಟುಹೋಯಿತು, ಅವಳು ಕದಲಲಿಲ್ಲ. ನೀನೋ ಚಾಪೆ ಮೇಲೂ ನಿಲ್ಲೋಳಲ್ಲ. ಈಗ ಹುಳಿಯಿಲ್ಲದ ರೊಟ್ಟಿಯ ಹಬ್ಬ ಬರ್ತಾ ಇದೆ, ಎಣಿಕೆ ಶುರುವಾಗುತ್ತೆ. ನಲವತ್ತೊಂಬತ್ತು ದಿನದ ಎಣಿಕೆಯ ದಾರ ಕಡಿಯದ ಹಾಗೆ ನಡೆಸಿಕೊಟ್ಟರೆ ನೀನೇ ನಮ್ಮ ಸೊಸೆ. ಕಡಿದರೆ ಅಬಿಗಾಯಿಲ್.

ಎಣಿಕೆ ಅಂದರೆ ಏನು ಅಂತೀಯಾ? ಅವರ ಹಿಂದಿನವರು ಮಿಸರ ದೇಶದಲ್ಲಿ ಜೀತಕ್ಕಿದ್ದರಂತೆ. ದೇವರು ಬಿಡಿಸಿಕೊಂಡು ಬಂದ. ಕಾಲಿನ ಬೇಡಿ ಒಂದೇ ರಾತ್ರಿಗೆ ಬಿಚ್ಚಿತು, ಮನಸ್ಸಿನದು ಬಿಚ್ಚಲಿಲ್ಲ. ಅದಕ್ಕೇ ದೇವರು ಬೆಟ್ಟದ ಮೇಲೆ ಧರ್ಮ ಕೊಡೋ ತನಕ ಏಳು ವಾರ ನಡೆಸಿದನಂತೆ. ಆ ಏಳು ವಾರಗಳನ್ನ ಇವರು ಪ್ರತಿವರ್ಷ ಎಣಿಸುತ್ತಾರೆ. ವಾರಕ್ಕೊಂದು ಗುಣ: ಪ್ರೀತಿ, ಬಿಗಿ, ಹದ, ಪಟ್ಟು, ವಿನಯ, ನಂಟು, ದೊರೆತನ. ಒಂದೊಂದು ವಾರದ ಒಳಗೆ ದಿನಕ್ಕೊಂದರಂತೆ ಮತ್ತೆ ಅದೇ ಏಳು. ಪ್ರೀತಿಯೊಳಗಿನ ಬಿಗಿ, ಬಿಗಿಯೊಳಗಿನ ಪ್ರೀತಿ, ಹೀಗೆ. ಆಯಾ ದಿನ ಆಯಾ ಗುಣ ತನ್ನೊಳಗೆ ಎಲ್ಲಿ ಸೊಟ್ಟಗಿದೆ ಅಂತ ನೋಡಿ ತಿದ್ದಿಕೊಳ್ಳಬೇಕು. ಹಿಂಡಿದ ಎಣ್ಣೇನ ಆಗಲೇ ಮಾರೋದಿಲ್ಲ, ಗಸಿ ಕೂರಲಿ ಅಂತ ಇಡ್ತೀವಿ, ಮನಸ್ಸೂ ಹಾಗೇ, ಅನ್ನುತ್ತಿದ್ದಳಂತೆ ಮಲ್ಕಾಬಾಯಿ. ಆ ದಿನಗಳಲ್ಲಿ ಮದುವೆ ಮಾಡೋ ಪದ್ಧತಿಯೂ ಇಲ್ಲ. ಹಾಗಾಗಿ ಅವಳ ಷರತ್ತಿನಿಂದ ಯಾರಿಗೂ ಒಂದು ದಿನವೂ ತಡವಾಗಲಿಲ್ಲ. ಮುದುಕಿ ಲೆಕ್ಕದಲ್ಲಿ ಗಟ್ಟಿ.

ದಿನಾ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಸಿಪ್ಪೋರಾ ಮಲ್ಕಾಬಾಯಿಯ ಅಂಗಳಕ್ಕೆ ಬಂದು, ದೇವರ ಸ್ತುತಿ ಹೇಳಿ, ಇವತ್ತು ಇಷ್ಟನೇ ದಿನ ಅಂತ ಹೇಳಬೇಕಿತ್ತು. ನಿಂತುಕೊಂಡೇ ಹೇಳಬೇಕು ಅನ್ನೋದು ಪದ್ಧತಿ. ಅದೊಂದು ಅವಳಿಗೆ ಸುಲಭವಾಯಿತಂತೆ.

ಮೊದಲು ಪ್ರೀತಿಯ ವಾರ. ಸಿಪ್ಪೋರಾ ಕೇರಿಯ ಮೇಲೆ ಬಿದ್ದಳಂತೆ. ಕಂಡವರ ಮನೆಗೆ ನುಗ್ಗಿ, ಹರವಿದ್ದ ಬಟ್ಟೇನ ಒಣಗೋ ಮೊದಲೇ ಮಡಿಸಿಟ್ಟಳು. ಅಳುತ್ತಿದ್ದ ಕೂಸನ್ನ ಸಮಾಧಾನ ಮಾಡೋದಕ್ಕೆ ಕಡಲ ತನಕ ಎತ್ತಿಕೊಂಡು ಹೋದಳು, ತಾಯಿಗೆ ಹೇಳೋದು ಮರೆತಳು. ಹಸ್ಕೆಲ್‌ನ ಎತ್ತಿಗೆ ಹಿಂಡಿ ತಿನ್ನಿಸಿ ತಿನ್ನಿಸಿ ಅದು ಹೊಟ್ಟೆ ಉಬ್ಬರಿಸಿಕೊಂಡು ಮಲಗಿತು. ಬಿಗಿಯ ವಾರ ಯಾವಾಗ ಬರುತ್ತೆ ಅಂತ ಕೇರಿಯವರೆಲ್ಲ ದೇವರನ್ನ ಕೇಳಿಕೊಂಡರಂತೆ. ಮಲ್ಕಾಬಾಯಿ ಅಂದಳಂತೆ, ಪ್ರೀತಿ ಮಾಡು ಕೂಸೇ, ಬೇಡ ಅನ್ನೋದಿಲ್ಲ. ಬಾಗಿಲು ತಟ್ಟಿ ಮಾಡು.

ಆಮೇಲೆ ಬಿಗಿಯ ವಾರ ಬಂತು. ಈಗ ಹಸ್ಕೆಲ್‌ನ ಅಕ್ಕ ಲೆಯಾ ಕತೆಯೊಳಗೆ ಬರುತ್ತಾಳೆ. ಅವಳಿಗೆ ಅಬಿಗಾಯಿಲ್ಲೇ ನಾದಿನಿಯಾಗಬೇಕಿತ್ತಂತೆ, ಯಾಕಂದರೆ ಕೂತಲ್ಲೇ ಕೂರೋ ಹುಡುಗಿ ಅಟ್ಟದ ಮೇಲೆ ಲೆಯಾ ಬಚ್ಚಿಟ್ಟ ಬೆಲ್ಲ ಎಲ್ಲಿದೆ ಅಂತ ಹುಡುಕೋದಿಲ್ಲ. ಎಣಿಕೆಯಲ್ಲಿ ಒಂದು ಕಟ್ಟು ಇದೆ ಮಗಾ. ಸಂಜೆ ಸ್ತುತಿ ಹೇಳೋ ಮೊದಲು ಬಾಯಿ ಜಾರಿ, ಇವತ್ತು ಇಷ್ಟು, ಅಂದುಬಿಟ್ಟರೆ ಎಣಿಸಿದ ಹಾಗೇ ಆಯಿತು, ಅವತ್ತಿನ ಸ್ತುತಿ ಕೈತಪ್ಪಿತು. ಅದಕ್ಕೇ ಯಾರಾದರೂ ಕೇಳಿದರೆ ನಿನ್ನೆಯದನ್ನ ಹೇಳಬೇಕು. ಲೆಯಾ ಒಂದು ಸಂಜೆ ಬಾವಿಕಟ್ಟೆ ಹತ್ತಿರ ಕಾದಿದ್ದು, ಸಿಪ್ಪೋರಾ ಎಣಿಸೋದಕ್ಕೆ ಓಡಿ ಬರುವಾಗ, ಅಯ್ಯೋ ಇವತ್ತು ಎಷ್ಟನೇದೇ, ತಲೇಲೇ ನಿಲ್ಲಲ್ಲ ನೋಡು, ಅಂದಳಂತೆ. ಸಿಪ್ಪೋರಾಳ ನಾಲಿಗೆ ಯಾವತ್ತೂ ಅವಳಿಗಿಂತ ಒಂದು ಹೆಜ್ಜೆ ಮುಂದೆ. ಇವತ್ತು ಅಂತ ಶುರುವಾಗೇಬಿಟ್ಟಿತ್ತು. ಹಲ್ಲು ಕಚ್ಚಿ ನಿಲ್ಲಿಸಿ, ಇವತ್ತು ಸೆಕೆ ಜಾಸ್ತಿ ಲೆಯಕ್ಕ, ನಿನ್ನೆ ಹನ್ನೊಂದು ಆಗಿತ್ತು, ಅಂದಳಂತೆ. ಪಕ್ಕದಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದ ಮೀನು ಮಾರೋಳು, ಇವತ್ತಿನದು ಕೇಳಿದ್ರೆ ನಿನ್ನೇದು ಹೇಳ್ತಾರೆ, ನನ್ನ ಮೀನು ಕೇಳಿದ್ರೆ ಇವತ್ತಿಂದೇ ಬೇಕಂತಾರೆ, ಎಂಥ ಜನವೋ, ಅಂತ ಬುಟ್ಟಿ ಎತ್ತಿಕೊಂಡು ಹೋದಳಂತೆ.

ಹೀಗೆ ಹದದ ವಾರವೂ ಪಟ್ಟಿನ ವಾರವೂ ಕಳೆದವು. ಸಿಪ್ಪೋರಾ ಬಾಗಿಲು ತಟ್ಟೋದು ಕಲಿತಳು, ತೆಗೆಯೋ ತನಕ ಕಾಯೋದು ಇನ್ನೂ ಕಲೀಬೇಕಿತ್ತು. ದಿನ ಮುಂದೆ ಹೋಗುತ್ತಿಲ್ಲ ಅಂತ ಅವಳಿಗೆ ಮೈಯೆಲ್ಲ ಇರುವೆ ಹರಿದ ಹಾಗೆ ಆಗುತ್ತಿತ್ತಂತೆ. ವಿನಯದ ವಾರ ಶುರುವಾದಾಗ ಮಲ್ಕಾಬಾಯಿ ಅಳಿವೆಯ ಆಚೆ ದಡದಲ್ಲಿದ್ದ ತಂಗಿ ಮನೆಗೆ ಹೊರಟು ನಿಂತಳು. ಬರೋದು ಮೂರು ದಿನ ಆಗುತ್ತೆ, ನಿಮ್ಮ ಅಂಗಳದಲ್ಲೇ ಎಣಿಸಿಕೋ, ದೇವರು ಅಲ್ಲೂ ಇರ್ತಾನೆ, ಅಂದು ದೋಣಿ ಹತ್ತಿದಳಂತೆ.

ಅವತ್ತು ಸಂಜೆ ಸಿಪ್ಪೋರಾ ಅಂಗಳದಲ್ಲಿ ನಿಂತು ಸ್ತುತಿ ಹೇಳಿ, ಇವತ್ತು ಮೂವತ್ತು ದಿನ ಅಂದಳು. ಅಂದವಳು ಹಾಗೇ ನಿಂತಿದ್ದಳು. ಹೇಗೂ ನಿಂತಿದ್ದೀನಲ್ಲ, ನಾಳೆ ಮತ್ತೆ ಬಂದು ನಿಲ್ಲೋದು ಯಾಕೆ, ಅನ್ನಿಸಿತಂತೆ. ಮೂವತ್ತೊಂದನ್ನೂ ಹೇಳಿಬಿಟ್ಟಳು. ಒಂದು ದಿನ ಉಳಿಯಿತು ಅಂತ ಹಗುರವಾಗಿ ಮಲಗಿದಳು. ಮರುದಿನ ಸಂಜೆ ಎಣಿಸೋ ಹೊತ್ತಿಗೆ ದಂಡೆಗೆ ಹೋಗಿ ದೋಣಿಗಳು ಬರೋದು ನೋಡುತ್ತಾ ಕಳೆದಳಂತೆ.

ಅದರ ಮಾರನೇ ದಿನ ಮಧ್ಯಾಹ್ನ ಗಾಣದ ಹತ್ತಿರ ಹೋಗಿ ಹಸ್ಕೆಲ್‌ಗೆ ತನ್ನ ಜಾಣತನ ಹೇಳಿಕೊಂಡಳು. ಹಸ್ಕೆಲ್ ಒಂದು ಸುತ್ತು ಹೋದ. ಎರಡನೇ ಸುತ್ತು ಹೋದ. ಆಮೇಲೆ, ನಾಳೆ ಊಟಾನ ಇವತ್ತೇ ಉಂಡ್ರೆ ನಾಳೆ ಹಸಿವಾಗಲ್ವಾ, ಅಂದನಂತೆ.

ಸಿಪ್ಪೋರಾ ಗಾಣದ ಪಕ್ಕದ ಕಲ್ಲಿನ ಮೇಲೆ ಕೂತಳು. ಕೂತವಳು ಏಳಲಿಲ್ಲ. ಬಾರದ ದಿನವನ್ನ ಎಣಿಸಿದ್ದು ಎಣಿಕೆಯಲ್ಲ, ಬಂದ ದಿನವನ್ನ ಎಣಿಸಲಿಲ್ಲ, ದಾರ ಕಡಿದಿದೆ, ಕಡಿದೋಳು ನಾನೇ, ಅಂತ ಅವಳಿಗೆ ಒಂದೊಂದಾಗಿ ಹೊಳೆಯಿತು. ಅವಳು ಕೂತಿರೋದು ನೋಡಿ ದಾರಿಹೋಕರು ನಿಂತರಂತೆ. ಮೈಗೆ ಹುಷಾರಿಲ್ಲವಾ ಅಂತ ಒಬ್ಬರು ಕಷಾಯ ತಂದರು, ಇನ್ನೊಬ್ಬರು ದೃಷ್ಟಿ ತೆಗೆಯೋದಕ್ಕೆ ಮೆಣಸಿನಕಾಯಿ ಉಪ್ಪು ತಂದರು. ಅವರೆಲ್ಲ ಹೋದ ಮೇಲೆ ಹಸ್ಕೆಲ್ ಎತ್ತನ್ನ ನಿಲ್ಲಿಸಿದ. ಯಾರಿಗೂ ಗೊತ್ತಿಲ್ಲ, ನಾನು ಹೇಳಲ್ಲ, ಅಂದನಂತೆ. ಈ ಸಲ ಒಂದು ಸುತ್ತೂ ಸುತ್ತದೆ ಹೇಳಿದ.

ನೀನು ಹೇಳಲ್ಲ ಮಾರಾಯ, ನನಗೆ ಗೊತ್ತು, ಅಂದಳಂತೆ ಅವಳು. ಆದರೆ ಸಂಜೆ ಮೂವತ್ತೆರಡು ಅಂತ ದೇವರ ಹೆಸರು ಹಿಡಿದು ಹೇಳಬೇಕಲ್ಲ, ಆಗ ಈ ಬಾಯಿಗೆ ಏನು ಹೇಳಲಿ? ಅಜ್ಜಿಗೆ ಹೇಳದೆ ನಿನ್ನ ಮದುವೆಯಾದರೆ ಮುದುಕಿಯಾಗೋ ತನಕ ಇದು ಗಂಟಲಲ್ಲಿ ಮುಳ್ಳಾಗಿ ನಿಲ್ಲುತ್ತೆ. ಹೇಳಿದರೆ ನೀನು ಹೋಗ್ತೀಯ. ಹಸ್ಕೆಲ್ ಇದಕ್ಕೆ ಉತ್ತರ ಯೋಚಿಸುತ್ತಿರುವಾಗಲೇ ಅವಳು ಎದ್ದು ಓಡಿದಳಂತೆ.

ಅಳಿವೆಯ ಹತ್ತಿರ ದೋಣಿ ಇತ್ತು, ಅಂಬಿಗನೂ ಇದ್ದ. ಜನ ತುಂಬಲಿ ತಂಗಿ, ಇನ್ನಿಬ್ಬರು ಬಂದರೆ ಬಿಡ್ತೀನಿ, ಅಂದ. ಹೊತ್ತು ಇಳಿಯುತ್ತಿತ್ತು, ಒಬ್ಬರೂ ಬರಲಿಲ್ಲ. ಸುತ್ತು ದಾರಿ ಹಿಡಿದರೆ ಕತ್ತಲಾಗುತ್ತದೆ. ನೀರು ಇಳಿತದಲ್ಲಿತ್ತು, ನಡುವೆ ಮರಳಿನ ದಿಬ್ಬ ಕಾಣುತ್ತಿತ್ತು. ಸಿಪ್ಪೋರಾ ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೇ ಬಿಟ್ಟಳು. ಅಂಬಿಗ ಕೂಗಿಕೊಂಡ. ಮೊಳಕಾಲು ಆಯಿತು, ಸೊಂಟ ಆಯಿತು, ಆಮೇಲೆ ಎದೆ ಮಟ್ಟ ಬಂದು, ಕಾಲ ಕೆಳಗೆ ಮರಳು ಜಾರಿ ಒಂದು ಸಲ ಮುಳುಗೆದ್ದಳಂತೆ. ಆಚೆ ದಡ ಹತ್ತಿ, ಮೈಯೆಲ್ಲ ಕೆಸರಾಗಿ, ಚಪ್ಪಲಿ ನೀರುಪಾಲಾಗಿ, ಮಲ್ಕಾಬಾಯಿಯ ತಂಗಿ ಮನೆಯ ಬಾಗಿಲಿಗೆ ಬಂದು ತಟ್ಟಿದಳು. ತಟ್ಟಿ ಕಾಯಲಿಲ್ಲ, ಒಳಗೆ ಹೋದಳು.

ಮಲ್ಕಾಬಾಯಿ ತಂಗಿ ಜೊತೆ ಎಲೆಅಡಿಕೆ ಹಾಕುತ್ತಾ ಕೂತಿದ್ದಳಂತೆ. ಸಿಪ್ಪೋರಾ ಉಸಿರು ತೆಗೆದುಕೊಳ್ಳದೆ ಒಂದೇ ಸಮ ಹೇಳಿದಳು. ನಿನ್ನೆಯದನ್ನ ಮೊನ್ನೆಯೇ ಎಣಿಸಿದೆ ಅಜ್ಜಿ, ನಿನ್ನೆ ಸಂಜೆ ಎಣಿಸಲಿಲ್ಲ, ದೋಣಿ ನೋಡಕ್ಕೆ ಹೋಗಿದ್ದೆ, ದಾರ ಕಡಿದೆ, ಅಬಿಗಾಯಿಲ್‌ನೇ ತಂದುಕೊಳ್ಳಿ. ಹೇಳಿ ಮುಗಿಸಿ ಅಳೋದಕ್ಕೆ ಬಾಯಿ ತೆರೆದಳು.

ಮಲ್ಕಾಬಾಯಿ ಅವಳ ಮುಖ ನೋಡಲಿಲ್ಲವಂತೆ, ಕಿಟಕಿಯಿಂದ ಪಡುವಣ ನೋಡಿದಳು. ಸೂರ್ಯನ ಅಂಚು ಇನ್ನೂ ನೀರಿನ ಮೇಲಿತ್ತು. ಮೊದಲು ಎಣಿಸು, ಆಮೇಲೆ ಅಳು, ಅಂತ ಗದರಿದಳು. ಯಾವುದನ್ನ, ಅಂದಳು ಸಿಪ್ಪೋರಾ. ಮೂವತ್ತೊಂದನ್ನೇ, ಸ್ತುತಿ ಬೇಡ, ಬರೀ ಎಣಿಕೆ, ಬೇಗ! ಸಿಪ್ಪೋರಾ ನಿಂತಲ್ಲೇ, ಇವತ್ತು ಮೂವತ್ತೊಂದು ದಿನ, ನಾಲ್ಕು ವಾರ ಮೂರು ದಿನ, ಅಂದಳು. ವಿನಯದೊಳಗಿನ ಹದ, ಅಂತ ಮಲ್ಕಾಬಾಯಿ ಸೇರಿಸಿದಳು. ಸೂರ್ಯ ಮುಳುಗಿದ.

ಆಮೇಲೆ ಮುದುಕಿ ಹೇಳಿದಳಂತೆ, ಸಂಜೆ ತಪ್ಪಿದ್ದನ್ನ ಮಾರನೇ ದಿನ ಹೊತ್ತು ಮುಳುಗೋದರೊಳಗೆ ಎಣಿಸಿಕೊಂಡರೆ ದಾರ ಕಡಿಯೋದಿಲ್ಲ. ಹಿಂದಿನವರು ನಿನ್ನಂಥವರನ್ನ ಕಂಡೇ ಆ ಕಟ್ಟು ಮಾಡಿದ್ದು. ಅವಳ ತಂಗಿ, ಇದ್ಯಾವ ಹುಡುಗಿಯೇ ಅಕ್ಕಾ, ಮೈಯೆಲ್ಲ ಕೆಸರು, ಸಾರಿಸಿದ ನೆಲವೆಲ್ಲ ಹಾಳಾಯಿತು, ಅಂತ ಮೂಗು ಮುರಿದಳು. ಮಲ್ಕಾಬಾಯಿ ಅಂದಳಂತೆ, ಅಬಿಗಾಯಿಲ್ ಆಗಿದ್ದರೆ ಇನ್ನೂ ದೋಣಿ ತುಂಬಲಿ ಅಂತ ಕಾಯ್ತಾ ಕೂತಿರ್ತಿದ್ದಳು. ಓಡೋದು ತಪ್ಪಲ್ಲ. ಎಲ್ಲಿಗೆ ಅಂತ ತಿಳಿದು ಓಡಬೇಕು. ಈಗ ಅಳು ಬೇಕಾದರೆ.

ಸಿಪ್ಪೋರಾಗೆ ಅಳು ಬರಲಿಲ್ಲವಂತೆ. ಅಂಗಳಕ್ಕೆ ಹೋಗಿ, ಒದ್ದೆ ಸೀರೆಯಲ್ಲೇ ನಿಂತು, ಒಂದು ನಕ್ಷತ್ರ ಬರಲಿ ಅಂತ ಕಾದಳು, ಎರಡನೇದಕ್ಕೂ ಕಾದಳು, ಮೂರನೇದು ತಡವಾಗಿ ಬಂತು, ಅದಕ್ಕೂ ಕಾದಳು. ಆಮೇಲೆ ಸ್ತುತಿ ಹೇಳಿ ಮೂವತ್ತೆರಡನ್ನ ಎಣಿಸಿದಳು. ಮೂವತ್ತಮೂರನ್ನ ಮುಟ್ಟಲಿಲ್ಲ.

ಉಳಿದ ದಿನಗಳೂ ಒಂದೊಂದಾಗಿ ಕಳೆದವು. ಎಣಿಕೆ ಪೂರ್ತಿಯಾಗಿ, ಬೆಟ್ಟದ ಮೇಲೆ ಧರ್ಮ ಸಿಕ್ಕ ದಿನದ ಹಬ್ಬವೂ ಮುಗಿದ ಮೇಲೆ ಬಂದ ಮಂಗಳವಾರ ಸಿಪ್ಪೋರಾಗೂ ಹಸ್ಕೆಲ್‌ಗೂ ಮದುವೆಯಾಯಿತಂತೆ. ಅಬಿಗಾಯಿಲ್‌ಗೆ ಅದೇ ವರ್ಷ ಪಕ್ಕದೂರಿನ ಸಂಬಂಧ ಕೂಡಿಬಂತಂತೆ. ಮದುವೆ ದಿನ ಬೆಲ್ಲದ ಅವಲಕ್ಕಿ ಕೊನೆಯ ಪಂಕ್ತಿಗೆ ಸಾಲಲಿಲ್ಲವಂತೆ, ಅವರು ಬಾಳೆಹಣ್ಣು ತಿಂದು ಎದ್ದರು. ಕತೆ ಅಲ್ಲಿಗೆ ಮುಗೀತು.