ರೂಟರಿಗೆ ಒಂದು ಮಾತು

ಕಾಲೇಜಿನ ಇಂಟರ್ನೆಟ್ ರೂಟರ್ ದಾಟುವ ಒಂದೊಂದು ಮಾಹಿತಿ ಪ್ಯಾಕೆಟ್ಟಿನ ಜಾತಕವನ್ನೂ ಲಾಗ್ ಫೈಲಿನಲ್ಲಿ ಬರೆಸಬೇಕೆಂದು ಪ್ರಿನ್ಸಿಪಾಲ್ ವಿರೂಪಾಕ್ಷಯ್ಯನವರ ಅಪ್ಪಣೆಯಾಯಿತು. ಬರೆದು ಬರೆದೇ ರೂಟರ್ ಸುಸ್ತಾಯಿತು. ಪರೀಕ್ಷೆಯ ಅರ್ಜಿಗೆ ಅಂದೇ ಕೊನೆಯ ದಿನ, ಒಂದೂ ಹೋಗುತ್ತಿಲ್ಲ.

"ನೋಡಮ್ಮಾ, ಸಂಜೆಯೊಳಗೆ ಅರ್ಜಿ ಹೋಗದಿದ್ದರೆ ನಿನ್ನ ಕೆಲಸವೂ ಹೋದ ಹಾಗೆ. ಲಾಗ್ ಮಾತ್ರ ಮುಟ್ಟಕೂಡದು!" ಎಂದು ಲ್ಯಾಬ್ ನೋಡಿಕೊಳ್ಳುವ ಭ್ರಮರಾಂಬಳನ್ನು ಗದರಿದರು.

ಅವಳು ತಲೆಯಾಡಿಸಿದಳು. "ತಲೆಯಾಡಿಸಿದೆ, ಸಾರ್. ಪೆನ್ನು ತೆಗೆದೆ, ಸಾರ್. ಕ್ಯಾಪ್ ಬಿಚ್ಚಿದೆ, ಸಾರ್. ಈಗ ಉಸಿರು ಬಿಟ್ಟೆ, ಸಾರ್."

"ಏನಮ್ಮಾ ಇದು! ಹೀಗೆ ಒದರ್ತಾ ಕೂತರೆ ಕೆಲಸ ಮಾಡೋದು ಯಾವಾಗ? ಏನಾದರೂ ಕೆಟ್ಟರೆ ಮಾತ್ರ ಹೇಳು!"

"ರೂಟರಿಗೂ ಅದನ್ನೇ ಹೇಳಲಾ, ಸಾರ್?"

ಸಾಹೇಬರು "ಹೂಂ" ಎಂದರು.

ಗಂಟೆಯೊಳಗೆ ಅರ್ಜಿಗಳೆಲ್ಲ ಹೋದವು. ಆದರೆ ಆ ಸುದ್ದಿಗಾಗಿ ಸಾಹೇಬರೇ ಲ್ಯಾಬಿಗೆ ಮೆಟ್ಟಿಲು ಹತ್ತಿ ಬರಬೇಕಾಯಿತು. ಏನೂ ಕೆಟ್ಟಿರಲಿಲ್ಲವಲ್ಲ, ಭ್ರಮರಾಂಬ ಹೇಳಿರಲಿಲ್ಲ.