ನಲವತ್ತೆರಡನೆಯ ಹೂಂ

ಹೊಳೆದಂಡೆಯ ಮಠದಲ್ಲಿ ಚನ್ನವೀರಜ್ಜ ಅಂತ ಒಬ್ಬ ಗುರು. ಅವರು ಕಥೆ ಹೇಳುವಾಗ ಎದುರಿಗೆ ಕೂತವರು ಹೂಂಗುಟ್ಟಲೇಬೇಕು. ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು. ಎಂಥ ಹಠವೋ ಏನೋ!

ಅವರ ಶಿಷ್ಯ ಫಕೀರೇಶ ಪಟ್ಟಣದ ಕಾಲೇಜಿನಲ್ಲಿ ಲೆಕ್ಚರರ್. ಒಂದು ಸಂಜೆ ಬಂದು ಕಾಲಿಗೆ ಬಿದ್ದು, ಈಗ ಮನೆಯಲ್ಲೇ ಕೂತು ಆನ್‌ಲೈನ್ ಪಾಠ ಮಾಡುತ್ತೇನೆ ಎಂದ. ಕಾಲೇಜಿನಲ್ಲಾದರೆ ಅರ್ಧ ಬೆಂಚು ಖಾಲಿ, ಮೇಲೆ ಗಲಾಟೆ. ಇಲ್ಲಿ ನಲವತ್ತೆರಡಕ್ಕೆ ನಲವತ್ತೆರಡೂ ಹಾಜರಿ. ಮುಖ ಕಾಣದಿದ್ದರೇನು, ಹೆಸರು ಕರೆದರೆ ಪರದೆಯ ಮೇಲೆ ಪುಟ್ಟದೊಂದು ಕೈ ಏಳುತ್ತದೆ. ಆಮೇಲೆ ಪಿಟ್ಟೆನ್ನುವವರಿಲ್ಲ. ಎದುರಿಗೆ ಕೂರಿಸಿ ಕಲಿಸುವುದಕ್ಕಿಂತ ಇದೇ ಮೇಲು ಎಂದು ಪ್ರಾಂಶುಪಾಲರಿಗೆ ಬರೆದುಕೊಡುವವನಿದ್ದ.

“ಹೂಂಗುಟ್ಟಾವರು ಯಾರು?” ಅಜ್ಜ ಕೇಳಿದರು.

“ಎಲ್ಲಾರ ಮೈಕೂ ನಾನ ಬಂದ್ ಮಾಡಿಟ್ಟೀನ್ರಿ, ಅಜ್ಜಾರ.”

“ನಾಳೆ ಒಬ್ಬೊಬ್ಬರದ ಬಿಚ್ಚು. ಹೂಂ ಅನಿಸ್ಕೊಂಡು ಬಾ. ಆಮ್ಯಾಲ ಬರಿ.”

ಮುದುಕರ ಹುಚ್ಚು ಎಂದುಕೊಂಡೇ ಹೋದ.

ಮರುದಿನ ಬಂದವನು ಕಾಲಿಗೆ ಬೀಳುವುದನ್ನೂ ಮರೆತು ಕೂತ.

ನಲವತ್ತೊಂದು ಹೂಂ ಸರಿಯಾಗೇ ಬಂದವಂತೆ. ಮಾಳಿಂಗರಾಯ ಅಂತ ಕರೆದಾಗ ಮಾತ್ರ ಹೂಂ ಅಂದದ್ದು ಒಬ್ಬ ಹೆಂಗಸು. ಫೋನು ಮಗನ ಕೈಗೆ ಕೊಡ್ರಿ ಎಂದು ಇವನು ಗದರಿದ.

“ಅವ ತೀರಿಕೊಂಡು ಇಪ್ಪತ್ತು ದಿನ ಆತ್ರಿ, ಸರ್,” ಎಂದಳಂತೆ ಆ ತಾಯಿ. “ಮನ್ಯಾಗ ಅವನ ಹೆಸರು ಯಾರೂ ಎತ್ತೂದಿಲ್ಲ. ನೀವೊಬ್ಬರ ದಿನಾ ಕರೀತೀರಿ. ಅದಕ್ಕ ನಾನ ಕೈ ಎತ್ತತಿದ್ದೆ. ತಪ್ಪಾತ್ರಿ.”

ಇಷ್ಟು ಹೇಳಿ ಫಕೀರೇಶ ತನ್ನನ್ನೇ ಹಳಿದುಕೊಂಡ.

“ಸತ್ತ ಹುಡುಗಗ ಇಪ್ಪತ್ತು ದಿನ ಹಾಜರಿ ಹಾಕೀನ್ರಿ, ಅಜ್ಜಾರ. ಒಂದು ದಿನಾನೂ ತಪ್ಪಿಸಿಲ್ಲ ಅಂತ ಮೊನ್ನೆ ಅವಗ ಶಾಭಾಸ್ ಅಂದೀನಿ.”

ಇಂಥದ್ದು ಹೊರಬೀಳುತ್ತದೆಂದು ಅಜ್ಜನೂ ಎಣಿಸಿರಲಿಲ್ಲ. 

ಶಿಷ್ಯ ಕೇಳಿದ, “ನಾಳೆ ಆ ಹೆಸರು ಹೊಡೆದು ಹಾಕ್ಲೋ, ಕರೀಲೋ?”

“ಕರಿ, ತಮ್ಮಾ. ಅವರ ಮನಿ ಬಾಗಲಾಗ ನಿಂತು ಕರಿ.”