ಕಬ್ಬಿನ ದ್ವೀಪಕ್ಕೆ ಹೋದ ಮೂವರು

ಇತ್ತ ಸರಿ ಪುಟ್ಟೀ, ಕಾಲು ಒಳಗೆಳ್ಕೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿ ಹುಟ್ಟೋಕೂ ಮುಂಚೆ, ಕಡಲಾಚೆ ಒಂದು ದ್ವೀಪ ಇತ್ತಂತೆ, ದ್ವೀಪದ ತುಂಬಾ ಕಬ್ಬು. ತೋಟ ಬಿಳಿ ದೊರೆಯದು, ಆದ್ರೆ ಅವನ ಕೈಗೆ ಮಣ್ಣು ಅಂಟಬಾರದು. ಅದಕ್ಕೇ ಮೊದಲು ಆಫ್ರಿಕಾ ಅನ್ನೋ ನಾಡಿಂದ ಜನರನ್ನ ದನದ ಹಾಗೆ ಕೊಂಡು, ಸರಪಳಿ ಹಾಕಿ ತಂದಿದ್ನಂತೆ. ಎಷ್ಟೋ ವರ್ಷ ಆದ್ಮೇಲೆ ಅವನ ನಾಡಿನ ದೊಡ್ಡೋರು, ಇನ್ನು ಸರಪಳಿ ಹಾಕೋ ಹಾಗಿಲ್ಲ ಅಂದ್ರಂತೆ. ಆಮೇಲೆ ದೊರೆ ಯೋಚಿಸಿದ, ಸರಪಳಿ ಬೇಡವಾದ್ರೆ ಮಾತಲ್ಲೇ ಕಟ್ಟಿ ತಂದರಾಯ್ತು ಅಂತ.

ಆಮೇಲೆ ಆಳು ಕೂಡಿಸೋಕೆ ಅವನ ಮೇಸ್ತ್ರಿ ನಮ್ಮ ಸೀಮೆಗೆ ಬಂದ. ಒಂದೂರಲ್ಲಿ ಕೆಂಚವ್ವ ಅಂತ ಅಕ್ಕ, ದುರುಗಪ್ಪ, ಮೈಲಾರ ಅಂತ ಇಬ್ಬರು ತಮ್ಮಂದಿರು, ಅಪ್ಪ ಅವ್ವ ಇಲ್ಲ, ಕಂಬಳಿ ನೇಯ್ಕೊಂಡಿದ್ರಂತೆ. ಮೇಸ್ತ್ರಿ ಅವರಿಗೆ, ಅಕ್ಕಾ, ಮೂರೇ ದಿನದ ದಾರಿ, ಸಕ್ಕರೆ ಜರಡಿ ಹಿಡಿಯೋ ಕೆಲಸ ಅಷ್ಟೇ, ಯುಗಾದಿಗೆ ಮನೇಲಿರ್ತೀರಿ ಅಂದು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡ. ಕಾಗದದಲ್ಲಿ ಏನಿತ್ತೋ, ಓದೋಕೆ ಯಾರಿಗೆ ಬರ್ತಿತ್ತು?

ಆಮೇಲೆ ಹಡಗು. ಮೂರು ದಿನ ಕಳೀತು, ಮೂವತ್ತು ದಿನ ಕಳೀತು, ನೆಲಾನೇ ಕಾಣ್ಲಿಲ್ಲವಂತೆ. ಸತ್ತೋರನ್ನ ನೀರಿಗೆ ಎಸೆಯೋ ಸದ್ದು ಕೇಳಿದಾಗೆಲ್ಲಾ ಕೆಂಚವ್ವ ತಮ್ಮಂದಿರ ಮೈ ಮುಟ್ಟಿ ನೋಡ್ತಿದ್ಲಂತೆ, ಬೆಚ್ಚಗಿದೆಯಾ ಅಂತ.

ದ್ವೀಪದಲ್ಲಿ ಇಳಿದ ದಿನವೇ ಅವರ ಹೆಸರು ಹೋಗಿ, ಕೊರಳಿಗೆ ನಂಬರ್ ಕೊರೆದ ತಗಡಿನ ಬಿಲ್ಲೆ ಬಂತು. ಆಮೇಲೆ ಚೀಟಿ ಇಲ್ದೆ ಬೇಲಿ ದಾಟೋ ಹಾಗಿಲ್ಲ ಅಂದ್ರು. ಮೂರನೇದು ಕೇಳು, ಅದೇ ಎಲ್ಲಕ್ಕಿಂತ ಕೆಟ್ಟದ್ದು. ದೊರೆ ದುರುಗಪ್ಪನ ಕೈಗೆ ಚಾಟಿ ಕೊಟ್ಟ, ನಿನ್ನ ಜನರನ್ನ ನೀನೇ ದುಡಿಸು ಅಂತ.

ಅವನು ಹೊಡೆದ್ನಾ ಅಜ್ಜೀ?

ಹೊಡೆದ ಕಂದಾ. ಹೊಡೀದಿದ್ರೆ ಅವನಿಗೇ ಬೀಳ್ತಿತ್ತು. ಒಂದಿನ ಜ್ವರದಲ್ಲಿ ಬಿದ್ದಿದ್ದ ಮೈಲಾರನ ಮೇಲೂ ಬೀಸಿದ. ಅವತ್ತಿಂದ ಕೆಂಚವ್ವ ಅವನ ಜೊತೆ ಮಾತು ಬಿಟ್ಲಂತೆ.

ಕಾಗದದಲ್ಲಿದ್ದ ಐದು ವರ್ಷ ಮುಗೀತು, ಊರಿಗೆ ಕಳಿಸಿ ದೊರೆ ಅಂತ ಕೆಂಚವ್ವ ಕೇಳಿದ್ರೆ, ಜ್ವರದ ದಿನಗಳು ಲೆಕ್ಕಕ್ಕಿಲ್ಲ, ಇನ್ನೂ ಎರಡು ವರ್ಷ ದುಡೀರಿ ಅಂದ. ಮೈಲಾರ ಅಲ್ಲೀತನಕ ಉಳಿಯೋನಲ್ಲ ಅಂತ ಕೆಂಚವ್ವನಿಗೆ ಗೊತ್ತಾಯ್ತು. ಆಗ ಸರಪಳಿ ಕಾಲದ ಮುದುಕಿ ಒಬ್ಬಳು ಹೇಳಿದ್ಲಂತೆ, ಮಗಳೇ, ಆ ಗುಡ್ಡದ ಮೇಲೆ ಓಡಿಹೋದ ನಮ್ಮೋರ ಊರಿದೆ, ಹೊಳೇಲೇ ನಡ್ಕೊಂಡು ಮೇಲಕ್ಕೆ ಹೋಗು, ನೀರಲ್ಲಿ ನಾಯಿಗೆ ವಾಸನೆ ಸಿಗಲ್ಲ ಅಂತ.

ಆಮೇಲೆ ಕಬ್ಬಿನ ಗದ್ದೆಗೆ ಬೆಂಕಿ ಇಟ್ಟು ಸೋಗೆ ಸುಡೋ ದಿನ, ನಡುಮಧ್ಯಾಹ್ನ, ಆ ಹೊಗೆಯೊಳಗೇ ಕೆಂಚವ್ವ ಮೈಲಾರನ್ನ ಬೆನ್ನಿಗೆ ಹಾಕ್ಕೊಂಡು ಓಡಿದ್ಲಂತೆ. ಹಿಂದೆ ನಾಯಿಗಳು ಬೊಗಳ್ತಾ ಬಂದ್ವು. ಹೊಳೆಗಿಳಿದು ಜೊಂಡಿನ ನಡುವೆ ಕುತ್ತಿಗೆ ತನಕ ಮುಳುಗಿ ಕೂತ್ರು. ಮೈಲಾರನಿಗೆ ಕೆಮ್ಮು ಬಂತು, ಅಕ್ಕ ಬಾಯಿ ಒತ್ತಿ ಹಿಡಿದ್ಲು. ಜೊಂಡು ಸರೀತು. ನೋಡಿದ್ರೆ ದುರುಗಪ್ಪ! ಅವನು ಅಕ್ಕನ್ನ ನೋಡಿದ, ಅಕ್ಕ ಅವನನ್ನ ನೋಡಿದ್ಲು. ದಡದಿಂದ ದೊರೆ ಕೂಗಿದ, ಸಿಕ್ಕಿದ್ರೇನೋ? ದುರುಗಪ್ಪ ಜೊಂಡು ಮುಚ್ಚಿ, ಇಲ್ಲಿ ಯಾರೂ ಇಲ್ಲ ದೊರೆ, ಕಡಲ ಕಡೆ ಓಡಿರಬೇಕು ಅಂತ ಹೇಳಿ, ನಾಯಿಗಳನ್ನ ಎಳ್ಕೊಂಡು ಹೋದನಂತೆ.

ಕತ್ತಲಾದ್ಮೇಲೆ ಅಕ್ಕ ತಮ್ಮ ಹೊಳೇಲೇ ನಡ್ಕೊಂಡು ಗುಡ್ಡ ಹತ್ತಿದ್ರು, ಅಲ್ಲಿಯ ಜನ ಇಬ್ಬರನ್ನೂ ಒಳಗೆ ಕರ್ಕೊಂಡ್ರು. ಮೈಲಾರನ ಜ್ವರ ಇಳೀತು. ಆಮೇಲೆ ಎಂಟನೇ ದಿನ ದುರುಗಪ್ಪನೇ ತೆವಳ್ಕೊಂಡು ಬಂದ, ಸುಳ್ಳು ಗೊತ್ತಾಗಿ ದೊರೆ ಚಾಟಿ ಬೀಸಿದ್ದ, ಬೆನ್ನೆಲ್ಲಾ ರಕ್ತ. ಅಕ್ಕಾ, ಒಳಗೆ ಬರ್ಲಾ ಅಂದ. ಕೆಂಚವ್ವ ಬಾಗಿಲಿಗೆ ಅಡ್ಡ ನಿಂತ್ಲಂತೆ. ಮೈಲಾರನೇ ಎದ್ದು ಬಿಸಿನೀರು ತಂದ. ಆಮೇಲೆ ಅವಳು ಬಟ್ಟೆ ಅದ್ದಿ ಅವನ ಬೆನ್ನು ಒರೆಸ್ತಾ, ಅಳಬೇಡ, ಮೊದಲು ಗಂಜಿ ಕುಡಿ ಅಂದ್ಲಂತೆ.

ಮೂವರೂ ಅಲ್ಲೇ ಗುಡಿಸಲು ಹಾಕಿ, ಜೋಳ ಬಿತ್ತಿ, ಮದುವೆ ಮಕ್ಕಳು ಅಂತ ನೆಮ್ಮದಿಯಾಗಿ ಉಳಿದ್ರಂತೆ. ಅಲ್ಲಿಗೆ ಅವರ ಭಯ ಮುಗೀತು, ನನ್ನ ಕತೆಯೂ ಮುಗೀತು. ಮಲಕ್ಕೋ ಕಂದಾ, ನಾನಿಲ್ಲೇ ಇದ್ದೀನಿ.